ಅಳಿವೆ ಒಡೆಯುವ ಮುನ್ನ



ಮಳೆಗಾಲ ಹಿಡಿಯಿತೆಂದರೆ ನಮ್ಮ ಪತ್ರಿಕೆಗಳಲ್ಲಿ ಕಡಲ್ಕೊರೆತದ ಸುದ್ದಿ ಬರುತ್ತದೆ. ಬುಡ ಕಳಚಿ ವಾಲಿದ ತೆಂಗಿನಮರ, ಅರ್ಧ ಕುಸಿದ ಅಡುಗೆಮನೆ, ಜನಪ್ರತಿನಿಧಿಗಳ ಭೇಟಿ, ತುರ್ತು ಕಾಮಗಾರಿಯ ಘೋಷಣೆ, ಲಾರಿಗಟ್ಟಲೆ ಕಪ್ಪುಕಲ್ಲು. ಅಕ್ಟೋಬರ್ ಹೊತ್ತಿಗೆ ಕಡಲು ಇಳಿಯುತ್ತದೆ, ನಮ್ಮ ಕಾಳಜಿಯೂ ಇಳಿಯುತ್ತದೆ. ಮುಂದಿನ ಜೂನ್‌ನಲ್ಲಿ ಮತ್ತೆ ಮೊದಲಿನಿಂದ. ಈ ಸಂಜೆ ನಾನು ವಾದಿಸಬೇಕೆಂದು ಬಂದಿರುವುದು ಒಂದೇ ಸಂಗತಿ. ಕಡಲತಡಿಯಲ್ಲಿ ಏನು ಮಾಡಬೇಕೆಂಬ ತೀರ್ಮಾನವನ್ನು ಅಲೆ ಮನೆಗೆ ನುಗ್ಗಿದ ವಾರದಲ್ಲಿ ತೆಗೆದುಕೊಳ್ಳಬಾರದು. ಅದು ಮೊದಲೇ, ಶಾಂತವಾದ ದಿನಗಳಲ್ಲಿ, ಕಾಗದದ ಮೇಲೆ ಆಗಿರಬೇಕು. ಆ ತೀರ್ಮಾನಕ್ಕೆ ಒಂದು ಊರಿನ ಗಡಿ ಸಾಲದು, ಮರಳು ಸಾಗುವ ಇಡೀ ದಾರಿಯೇ ಅದರ ಗಡಿಯಾಗಬೇಕು.

ಇದಕ್ಕೆ ನಾನು ಆರಿಸಿಕೊಂಡಿರುವ ಉದಾಹರಣೆ ಇಲ್ಲಿಂದ ಬಹಳ ದೂರದ್ದು. ನ್ಯೂಯಾರ್ಕ್ ನಗರದ ಪೂರ್ವಕ್ಕೆ ಲಾಂಗ್ ಐಲೆಂಡ್ ಎಂಬ ದೊಡ್ಡ ದ್ವೀಪವಿದೆ. ಅದರ ದಕ್ಷಿಣ ದಂಡೆಯ ಮುಂದೆ, ಅಟ್ಲಾಂಟಿಕ್ ಸಾಗರಕ್ಕೆ ಎದುರಾಗಿ, ಉದ್ದುದ್ದನೆಯ ಮರಳು ದ್ವೀಪಗಳ ಸಾಲೊಂದಿದೆ. ಭೂವಿಜ್ಞಾನದವರು ಇವನ್ನು ತಡೆದ್ವೀಪಗಳೆನ್ನುತ್ತಾರೆ. ಅವುಗಳಲ್ಲಿ ಫೈರ್ ಐಲೆಂಡ್ ಎಂಬುದು ಸುಮಾರು 50 ಕಿಲೋಮೀಟರ್ ಉದ್ದ. ಅಗಲ ಮಾತ್ರ ಹೆಚ್ಚಿನ ಕಡೆ ಅರ್ಧ ಕಿಲೋಮೀಟರಿಗಿಂತಲೂ ಕಡಿಮೆ. ಮುಂದೆ ಸಾಗರ, ಹಿಂದೆ ಗ್ರೇಟ್ ಸೌತ್ ಬೇ ಎಂಬ ಆಳವಿಲ್ಲದ ಹಿನ್ನೀರು, ಆ ಹಿನ್ನೀರಿನಾಚೆ ತಗ್ಗಿನಲ್ಲಿ ಕೂತ ಊರುಗಳು. ದ್ವೀಪದ ಮೇಲೆ ಹದಿನೇಳು ವಸತಿಗಳಿವೆ. ಹೆಚ್ಚಿನವಕ್ಕೆ ರಸ್ತೆಯಿಲ್ಲ, ದೋಣಿಯಲ್ಲೇ ಹೋಗಬೇಕು. ನಮ್ಮ ಕರಾವಳಿಯ ಬೆಂಗ್ರೆಯೂ ಕೋಡಿಬೆಂಗ್ರೆಯೂ ಒಂದು ತುದಿಯಲ್ಲಿ ನೆಲಕ್ಕೆ ಅಂಟಿಕೊಂಡ ಮರಳ ನಾಲಿಗೆಗಳು, ನದಿಯೂ ಕಡಲೂ ಸೇರಿ ಮಾಡಿದವು. ಫೈರ್ ಐಲೆಂಡಿಗೆ ಅಂಥ ನದಿಯ ಆಸರೆಯಿಲ್ಲ. ಆದರೂ ಎರಡು ನೀರಿನ ನಡುವೆ ಮರಳಿನ ಮೇಲೆ ಬದುಕುವ ಕಷ್ಟ ಒಂದೇ ಜಾತಿಯದು. ಅಲ್ಲಿನವರು ನೂರು ವರ್ಷ ತಮ್ಮ ಮರಳನ್ನು ಅಳೆದು, ಜಗಳವಾಡಿ, ನ್ಯಾಯಾಲಯಕ್ಕೆ ಹೋಗಿ, ದಾಖಲೆ ಇಟ್ಟಿದ್ದಾರೆ. ಆ ದಾಖಲೆಗಾಗಿಯೇ ಅಷ್ಟು ದೂರ ಹೋಗುತ್ತಿದ್ದೇನೆ.

1826ರಲ್ಲಿ ಫೈರ್ ಐಲೆಂಡಿನ ಪಶ್ಚಿಮ ತುದಿಯಲ್ಲಿ, ಅಳಿವೆಯ ಅಂಚಿನಲ್ಲೇ, ಒಂದು ದೀಪಸ್ತಂಭ ಕಟ್ಟಿದರು. ಅದರ ಎತ್ತರ ಸಾಲದೆಂದು 1858ರಲ್ಲಿ ಪಕ್ಕದಲ್ಲೇ ಇನ್ನೊಂದನ್ನು ಎಬ್ಬಿಸಿದರು. ಅದು ಇಂದಿಗೂ ನಿಂತಿದೆ. ಆದರೆ ಈಗ ಅದರ ಬುಡದಿಂದ ಅಳಿವೆಗೆ ಹೋಗಬೇಕಾದರೆ ಮರಳಿನ ಮೇಲೆ ಸುಮಾರು ಎಂಟು ಕಿಲೋಮೀಟರ್ ನಡೆಯಬೇಕು. ದೀಪಸ್ತಂಭ ಕದಲಲಿಲ್ಲ, ದ್ವೀಪವೇ ಪಶ್ಚಿಮಕ್ಕೆ ಬೆಳೆಯಿತು. ಅಲ್ಲಿ ಅಲೆಗಳು ದಂಡೆಗೆ ಓರೆಯಾಗಿ ಬಂದು ಅಪ್ಪಳಿಸುತ್ತವೆ. ಒಟ್ಟು ಲೆಕ್ಕದಲ್ಲಿ ಮರಳು ಪೂರ್ವದಿಂದ ಪಶ್ಚಿಮಕ್ಕೆ, ವರ್ಷಕ್ಕೆ ಲಕ್ಷಾಂತರ ಘನಮೀಟರ್ ಸಾಗುತ್ತದೆ. ಅಳಿವೆಯ ಪೂರ್ವದ ದಡಕ್ಕೆ ಮರಳು ಸೇರಿದಷ್ಟೂ ಬಾಯಿ ಪಶ್ಚಿಮಕ್ಕೆ ಸರಿಯುತ್ತದೆ. 1941ರಲ್ಲಿ ಕಲ್ಲಿನ ಬ್ರೇಕ್‌ವಾಟರ್ ಹಾಕಿ ಈ ನಡಿಗೆಯನ್ನು ನಿಲ್ಲಿಸಿದರು. ಕೆಲವು ವರ್ಷಗಳಲ್ಲಿ ಮರಳು ಆ ಕಲ್ಲಿನ ಹಿಂದೆ ತುಂಬಿ, ಅದನ್ನು ಬಳಸಿಕೊಂಡು ಬಾಯಿಗೇ ಸುರಿಯತೊಡಗಿತು. ಅಂದಿನಿಂದ ಹೂಳೆತ್ತುವುದು ಅಲ್ಲಿ ಮುಗಿಯದ ಕೆಲಸ.

ಅಳಿವೆಯ ಒಳಗೆ ನಡೆಯುವುದನ್ನು ತುಸು ನಿಧಾನವಾಗಿ ನೋಡೋಣ, ಏಕೆಂದರೆ ಎಲ್ಲ ಜಗಳದ ಬೇರು ಇಲ್ಲಿದೆ. ಉಬ್ಬರದಲ್ಲಿ ಕಡಲ ನೀರು ಕಿರಿದಾದ ಬಾಯಿಯಿಂದ ಒಳನುಗ್ಗುವಾಗ ಮರಳನ್ನೂ ಹೊತ್ತು ತರುತ್ತದೆ. ಒಳಗೆ ಹಿನ್ನೀರು ಅಗಲವಾದೊಡನೆ ವೇಗ ತಗ್ಗಿ, ಹೊತ್ತದ್ದನ್ನು ಬೀಸಣಿಗೆಯಾಕಾರದಲ್ಲಿ ಹರಡುತ್ತದೆ. ಇಳಿತದಲ್ಲಿ ಇದೇ ಕೆಲಸ ಹೊರಮುಖವಾಗಿ ನಡೆದು ಬಾಯಿಯ ಹೊರಗೆ ಮರಳಿನ ದಿನ್ನೆ ಕಟ್ಟುತ್ತದೆ. ದೋಣಿಯವರಿಗೆ ಆ ದಿನ್ನೆಯ ಪರಿಚಯ ನನಗಿಂತ ಚೆನ್ನಾಗಿದೆ. 1931ರಲ್ಲಿ ಮೊರೊ ಓಬ್ರಿಯನ್ ಎಂಬ ಎಂಜಿನಿಯರ್ ಒಂದು ಸಂಬಂಧವನ್ನು ತೋರಿಸಿಕೊಟ್ಟರು: ಒಂದು ಉಬ್ಬರದಲ್ಲಿ ಒಳಗೆ ಹೋಗುವ ನೀರಿನ ಪ್ರಮಾಣಕ್ಕೆ ತಕ್ಕಂತೆ ಅಳಿವೆಯ ಬಾಯಿ ತನ್ನ ಅಗಲ, ಆಳಗಳನ್ನು ತಾನೇ ಕಾಯ್ದುಕೊಳ್ಳುತ್ತದೆ. ನೀರು ಕಡಿಮೆಯಾದರೆ ಮರಳು ಗೆದ್ದು ಬಾಯಿ ಕಟ್ಟುತ್ತದೆ, ಹೆಚ್ಚಾದರೆ ನೀರು ಗೆದ್ದು ಬಾಯಿ ಕೊರೆಯುತ್ತದೆ. ಆದ್ದರಿಂದ ಒಂದೇ ಹಿನ್ನೀರಿಗೆ ಎರಡು ಬಾಯಿಗಳಿದ್ದರೆ ಅವು ಪರಸ್ಪರ ಸ್ಪರ್ಧಿಗಳು. ಹೊಸದೊಂದು ಒಡೆದರೆ ಹಳೆಯದು ಸೊರಗಬಹುದು. ಎಲ್ಲೋ ಒಂದು ಕಡೆ ಹೂಳು ತುಂಬಿತೆಂದು ದೂರುವಾಗ ಹತ್ತು ಮೈಲಿ ಆಚೆ ಏನಾಯಿತೆಂದು ನೋಡಬೇಕಾಗುತ್ತದೆ.

ಒಳಗೆ ಹರಡಿದ ಆ ಮರಳಿನ ಬೀಸಣಿಗೆಯ ಬಗ್ಗೆ ಇನ್ನೊಂದು ಮಾತು. ಅಳಿವೆ ಮುಚ್ಚಿಹೋದ ಮೇಲೂ ಅದು ಅಲ್ಲೇ ಉಳಿಯುತ್ತದೆ. ಅದರ ಮೇಲೆ ಹುಲ್ಲು ಬೆಳೆದು ಜೌಗು ನೆಲವಾಗುತ್ತದೆ. ಫೈರ್ ಐಲೆಂಡಿನ ಹಿಂಬದಿಯ ಅಗಲವಾದ ಜೌಗುಗಳಲ್ಲಿ ಹಲವು ಹೀಗೆ ಹಿಂದೊಮ್ಮೆ ಒಡೆದಿದ್ದ ಅಳಿವೆಗಳ ಕೊಡುಗೆ. ಕಡಲಿನ ಕಡೆ ಸವೆಯುವ ದ್ವೀಪ ಹಿನ್ನೀರಿನ ಕಡೆ ಬೆಳೆಯುವುದು ಬಹುಪಾಲು ಈ ದಾರಿಯಲ್ಲೇ. ಬಿರುಗಾಳಿಯ ಅಲೆ ದಿಬ್ಬವನ್ನು ಹಾರಿ ಚೆಲ್ಲುವ ಮರಳೂ ಇದಕ್ಕೆ ಸೇರುತ್ತದೆ. ನ್ಯೂಯಾರ್ಕ್ ಬಳಿ ಕಡಲಮಟ್ಟ ಕಳೆದ ನೂರು ವರ್ಷಗಳಲ್ಲಿ ಸುಮಾರು 30 ಸೆಂಟಿಮೀಟರ್ ಏರಿದೆ. ಇಂಥ ಏರಿಕೆಯಲ್ಲಿ ಮರಳು ದ್ವೀಪ ಬದುಕಬೇಕಾದರೆ ಅದು ಹಿಂದೆ ಸರಿಯುತ್ತ, ಎತ್ತರವಾಗುತ್ತ ಹೋಗಬೇಕು. ಪ್ರತಿ ಒಡಕನ್ನೂ ಮರುದಿನವೇ ಮುಚ್ಚಿ, ರಸ್ತೆಗೆ ಬಿದ್ದ ಮರಳನ್ನೆಲ್ಲ ಬಾಚಿ ಮತ್ತೆ ಕಡಲ ಕಡೆಗೆ ತಳ್ಳಿದರೆ, ದ್ವೀಪ ಹಿಂಬದಿಯಲ್ಲಿ ಹಸಿದು ಬಡಕಲಾಗುತ್ತದೆ. ಹಾಗೆಂದು ಮನೆಯೊಳಗೆ ಕಡಲು ಹರಿದವನ ಮುಂದೆ ನಿಂತು ‘ದ್ವೀಪಕ್ಕೆ ಒಳ್ಳೆಯದಾಯಿತು’ ಎನ್ನಲು ಯಾರಿಗೆ ಮನಸ್ಸು ಬರುತ್ತದೆ? ಈ ಎರಡು ಸತ್ಯಗಳ ನಡುವೆ ದಾರಿ ಹುಡುಕುವುದೇ ಕೆಲಸ.

1938ರ ಸೆಪ್ಟೆಂಬರ್ 21ರಂದು ಒಂದು ಭಾರಿ ಚಂಡಮಾರುತ ಲಾಂಗ್ ಐಲೆಂಡಿಗೆ ಬಡಿಯಿತು. ಜನರಿಗೆ ಮುನ್ನೆಚ್ಚರಿಕೆ ಸಿಕ್ಕಿರಲಿಲ್ಲವೆಂದೇ ಹೇಳಬೇಕು. ನ್ಯೂಯಾರ್ಕ್ ಮತ್ತು ನ್ಯೂ ಇಂಗ್ಲೆಂಡ್ ಸೇರಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಮರಳು ದ್ವೀಪಗಳ ಸಾಲು ಹಲವು ಕಡೆ ಒಡೆಯಿತು. ಪೂರ್ವದಲ್ಲಿ ಶಿನ್ನೆಕಾಕ್ ಎಂಬಲ್ಲಿ ಆ ದಿನ ತೆರೆದ ಬಾಯಿ ಇಂದಿಗೂ ತೆರೆದೇ ಇದೆ. ಮೀನುಗಾರಿಕೆಗೆ ಅನುಕೂಲವೆಂದು ಅದನ್ನು ಉಳಿಸಿಕೊಂಡು, 1950ರ ದಶಕದಲ್ಲಿ ಎರಡೂ ಬದಿಗೆ ಬ್ರೇಕ್‌ವಾಟರ್ ಕಟ್ಟಿದರು. ಅದರ ಪಶ್ಚಿಮದ ದಂಡೆ ಸವೆಯತೊಡಗಿತು. ಇನ್ನೂ ಪಶ್ಚಿಮದ ಮೊರಿಚಸ್ ಅಳಿವೆ 1931ರ ಬಿರುಗಾಳಿಯಲ್ಲಿ ತೆರೆದದ್ದು. 1951ರಲ್ಲಿ ಅದು ತಾನಾಗಿ ಕಟ್ಟಿಕೊಂಡಿತು, 1953ರಲ್ಲಿ ಮತ್ತೆ ತೆರೆಸಿದರು.

ಈಗ ನನ್ನನ್ನು ಬಹಳ ಕಾಡಿದ ವೆಸ್ಟ್‌ಹ್ಯಾಂಪ್ಟನ್ನಿನ ಕಥೆಗೆ ಬರುತ್ತೇನೆ. ಫೈರ್ ಐಲೆಂಡಿನ ಪೂರ್ವಕ್ಕಿರುವ ಈ ಮರಳು ದಂಡೆಯ ಮೇಲೆ 1965-66ರಲ್ಲಿ, ಮನೆಗಳನ್ನು ಉಳಿಸಲೆಂದು, ದಡದಿಂದ ಕಡಲಿನೊಳಕ್ಕೆ ಚಾಚುವ ಕಲ್ಲಿನ ಅಡ್ಡದಂಡೆಗಳನ್ನು ಕಟ್ಟಿದರು. ಮೊದಲು ಹನ್ನೊಂದು, ಕೆಲವು ವರ್ಷಗಳಲ್ಲಿ ಇನ್ನೂ ನಾಲ್ಕು. ಅಡ್ಡದಂಡೆ ಮಾಡುವುದಿಷ್ಟೆ, ಹಾದುಹೋಗುವ ಮರಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದು ಮರಳನ್ನು ಹುಟ್ಟಿಸುವುದಿಲ್ಲ. ಹದಿನೈದರ ನಂತರ ಯೋಜನೆ ಅರ್ಧಕ್ಕೆ ನಿಂತಿತು. ದಂಡೆಗಳಿದ್ದ ಕಡೆ ಮರಳು ತುಂಬಿ ಕಡಲತಡಿ ಅಗಲವಾಯಿತು. ಹದಿನೈದನೆಯದರ ಪಶ್ಚಿಮಕ್ಕೆ, ಮರಳಿನ ಬರವು ತಪ್ಪಿ, ವರ್ಷವರ್ಷವೂ ನೆಲ ಕರಗಿತು. ಕಾಲುವೆಯಲ್ಲಿ ಮೇಲ್ಗದ್ದೆಯವನು ಕಟ್ಟ ಹಾಕಿದರೆ ಕೆಳಗದ್ದೆಯವನ ಪಾಡು ಏನಾಗುತ್ತದೆಂದು ನಮ್ಮ ಕೃಷಿಕರಿಗೆ ಹೇಳಿಕೊಡಬೇಕಿಲ್ಲ. 1992ರ ಡಿಸೆಂಬರಿನ ಬಿರುಗಾಳಿ ಆ ಬಡಕಲು ಭಾಗದಲ್ಲೇ ದ್ವೀಪವನ್ನು ಎರಡು ಕಡೆ ಸೀಳಿತು. ಸಣ್ಣ ಒಡಕನ್ನು ಬೇಗ ಮುಚ್ಚಿದರು. ದೊಡ್ಡದರ ಬಗ್ಗೆ ಯಾರು ಮುಚ್ಚಬೇಕು, ಯಾರು ಹಣ ಕೊಡಬೇಕು ಎಂಬ ಚರ್ಚೆ ಎಳೆಯಿತು. ಚರ್ಚೆ ನಡೆದಷ್ಟು ದಿನ ಒಡಕು ಅಗಲವಾಗುತ್ತಲೇ ಹೋಯಿತು, ಮುಚ್ಚುವ ಖರ್ಚೂ ಏರಿತು. ಮನೆ ಕಳೆದುಕೊಂಡವರು ಸುಮ್ಮನಿರಲಿಲ್ಲ. 1993ರಲ್ಲಿ ತಮ್ಮದೇ ಸ್ಥಳೀಯಾಡಳಿತ ರಚಿಸಿಕೊಂಡರು, ಅದರ ಹೆಸರು ವೆಸ್ಟ್ ಹ್ಯಾಂಪ್ಟನ್ ಡ್ಯೂನ್ಸ್. ಅಡ್ಡದಂಡೆ ಕಟ್ಟಿದ ಸರಕಾರಗಳ ಮೇಲೆ ಹೂಡಿದ್ದ ದಾವೆ 1994ರಲ್ಲಿ ರಾಜಿಯಲ್ಲಿ ಮುಗಿಯಿತು. ಕಳೆದುಹೋದ ದಂಡೆಯನ್ನು ಮರಳು ತುಂಬಿ ಮರಳಿ ಕಟ್ಟುವುದು, ಮೂವತ್ತು ವರ್ಷ ಅದನ್ನು ಕಾಪಾಡುವುದು ಸರಕಾರದ ಹೊಣೆಯಾಯಿತು. ಕೊನೆಯ ಎರಡು ಅಡ್ಡದಂಡೆಗಳನ್ನು, ಮರಳು ದಾಟಲೆಂದು, ಮೊಟಕುಗೊಳಿಸಿದರು.

ಕಲ್ಲು ಹಾಕಿದವರ ಉದ್ದೇಶದಲ್ಲಿ ಕೇಡಿರಲಿಲ್ಲ, ಅವರೆದುರು ನಿಜವಾದ ಮನೆಗಳಿದ್ದವು, ನಿಜವಾದ ಅಳಲಿತ್ತು. ಆದರೆ ಹದಿನೈದನೆಯ ದಂಡೆಯ ಆಚೆಗಿದ್ದವರನ್ನು ಆ ಲೆಕ್ಕದಲ್ಲಿ ಹಿಡಿಯಲಿಲ್ಲ. ನನಗೆ ಇದು ಎಂಜಿನಿಯರಿಂಗಿನ ಸೋಲಿಗಿಂತ ಹೆಚ್ಚಾಗಿ ನ್ಯಾಯದ ಸೋಲು.

ಹಾಗಾದರೆ ಗೋಡೆಯೇ ಬೇಡವೇ ಎಂದು ಕೇಳುವವರಿದ್ದಾರೆ. ಅಷ್ಟು ಸುಲಭವಾಗಿ ಹಾಗೆನ್ನಲಾಗದು. ಟೆಕ್ಸಾಸಿನ ಗ್ಯಾಲ್ವೆಸ್ಟನ್ ಕೂಡ ತಡೆದ್ವೀಪದ ಮೇಲಿನ ಊರು. 1900ರ ಸೆಪ್ಟೆಂಬರ್ 8ರ ಚಂಡಮಾರುತದಲ್ಲಿ ಅಲ್ಲಿ ಕನಿಷ್ಠ ಆರು ಸಾವಿರ ಜನ ಸತ್ತರು. ಉಳಿದವರು ಐದು ಮೀಟರಿಗೂ ಎತ್ತರದ ಕಾಂಕ್ರೀಟ್ ಗೋಡೆ ಕಟ್ಟಿದರು. ಅಷ್ಟಕ್ಕೇ ನಿಲ್ಲದೆ ಸುಮಾರು ಎರಡು ಸಾವಿರ ಕಟ್ಟಡಗಳನ್ನು ಜ್ಯಾಕ್ ಕೊಟ್ಟು ಮೇಲೆತ್ತಿ, ಕೆಳಗೆ ಮರಳುನೀರು ಹಾಯಿಸಿ, ಊರಿನ ನೆಲವನ್ನೇ ಏರಿಸಿದರು. 1915ರಲ್ಲಿ ಮತ್ತೊಂದು ದೊಡ್ಡ ಚಂಡಮಾರುತ ಬಂದಾಗ ಊರು ಉಳಿಯಿತು. ಆ ಗೋಡೆ ಜೀವ ಕಾಯ್ದಿದೆ, ಇದರಲ್ಲಿ ಎರಡು ಮಾತಿಲ್ಲ. ಆದರೆ ಗೋಡೆಯ ಮುಂದಿನ ಕಡಲತಡಿ ಕರಗಿಹೋಯಿತು. 2008ರಲ್ಲಿ ಐಕ್ ಚಂಡಮಾರುತ ಬಂದಾಗ ನೀರು ಊರಿಗೆ ನುಗ್ಗಿದ್ದು ಬೆನ್ನ ಕಡೆಯಿಂದ, ಹಿನ್ನೀರು ಉಕ್ಕಿ. ಈಗ ಅಲ್ಲಿ ಅಳಿವೆಗೇ ಬಾಗಿಲು ಹಾಕುವ ಯೋಜನೆಗೆ 2022ರಲ್ಲಿ ಅಮೆರಿಕದ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಅದರ ಅಂದಾಜು ವೆಚ್ಚ ಮೂರು ಸಾವಿರ ಕೋಟಿ ಡಾಲರನ್ನೂ ಮೀರುತ್ತದೆ. ಅಂಥ ಗೋಡೆ ದೊಡ್ಡ ಊರಿಗೆ, ದೊಡ್ಡ ಬೊಕ್ಕಸಕ್ಕೆ ಸಲ್ಲುವ ಮದ್ದು.

ಫೈರ್ ಐಲೆಂಡಿಗೆ ಮರಳೋಣ. 1962ರ ಮಾರ್ಚ್ ಬಿರುಗಾಳಿಯ ನಂತರ ನ್ಯೂಯಾರ್ಕಿನ ಬಲಾಢ್ಯ ಅಧಿಕಾರಿ ರಾಬರ್ಟ್ ಮೋಸೆಸ್, ದ್ವೀಪದುದ್ದಕ್ಕೂ ಹೆದ್ದಾರಿ ಹಾಕಿದರೆ ದಿಬ್ಬಗಳು ಗಟ್ಟಿಯಾಗಿ ನಿಲ್ಲುತ್ತವೆಂದು ವಾದಿಸಿದರು. ದ್ವೀಪದ ಜನ ಎದ್ದುನಿಂತು ವಿರೋಧಿಸಿದರು. 1964ರಲ್ಲಿ ಆ ದಂಡೆ ರಾಷ್ಟ್ರೀಯ ಕಡಲತೀರವಾಯಿತು, ಹೆದ್ದಾರಿ ಬರಲಿಲ್ಲ. 1980ರಲ್ಲಿ ಅದರ ಪೂರ್ವದ ಸುಮಾರು 11 ಕಿಲೋಮೀಟರ್ ಭಾಗವನ್ನು ಮನುಷ್ಯ ಕೈಯಾಡಿಸಬಾರದ ವನ್ಯಪ್ರದೇಶವೆಂದು ಕಾನೂನು ಗುರುತಿಸಿತು. ಎರಡು ವರ್ಷದ ನಂತರ ಅಟ್ಲಾಂಟಿಕ್ ಮತ್ತು ಮೆಕ್ಸಿಕೊ ಕೊಲ್ಲಿಯ ದಂಡೆಗಳಿಗೆ ಅನ್ವಯಿಸುವ ಇನ್ನೊಂದು ಕಾನೂನು ಬಂತು. ಇನ್ನೂ ಕಟ್ಟಡ ಏಳದ ತಡೆದ್ವೀಪಗಳಲ್ಲಿ ಬೇಕಾದರೆ ಸ್ವಂತ ಹಣದಲ್ಲಿ ಕಟ್ಟಿಕೊಳ್ಳಿ, ಆದರೆ ಕೇಂದ್ರದ ಪ್ರವಾಹ ವಿಮೆಯಾಗಲಿ ರಸ್ತೆ, ಸೇತುವೆಗಳ ಅನುದಾನವಾಗಲಿ ಸಿಗದು ಎಂದಿತು ಅದು. ಕಡಲತೀರದ ಕಾನೂನುಗಳಲ್ಲಿ ನಾನು ಬಹಳ ಮೆಚ್ಚುವ ಕಾನೂನು ಇದು. ನಮ್ಮ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ನಿಯಮ 1991ರಲ್ಲಿ ಬಂದು 2011ರಲ್ಲಿ, ಮತ್ತೆ 2019ರಲ್ಲಿ ಬದಲಾಯಿತು. ಅದು ಕಟ್ಟಬಾರದ ಗೆರೆಯನ್ನು ಎಳೆಯುತ್ತದೆ. ಸರಕಾರದ ಹಣ ಅಪಾಯವಿರುವ ಕಡೆಗೆ ಹರಿಯದಂತೆ ತಡೆಯುವ ಕೆಲಸ ಬೇರೆಯದೇ.

ವೆಸ್ಟ್‌ಹ್ಯಾಂಪ್ಟನ್ನಿನ ಎಳೆದಾಟದಿಂದ ಒಂದು ಒಳ್ಳೆಯದಾಯಿತು. ಅಮೆರಿಕದ ಸೇನಾ ಎಂಜಿನಿಯರುಗಳ ದಳ 1996ರಲ್ಲಿ ಒಂದು ಮುಂಗಡ ಯೋಜನೆ ಸಿದ್ಧಪಡಿಸಿತು. ದಂಡೆ ಎಲ್ಲಾದರೂ ಒಡೆದರೆ ಹಣ ಎಲ್ಲಿಂದ, ಮರಳು ಎಲ್ಲಿಂದ, ಅನುಮತಿ ಯಾರದು ಎಂಬುದನ್ನೆಲ್ಲ ಮೊದಲೇ ಗೊತ್ತುಮಾಡಿಟ್ಟು, ಮೂರು ತಿಂಗಳೊಳಗೆ ಮುಚ್ಚುವ ಗುರಿ ಇಟ್ಟುಕೊಂಡಿತು. ವನ್ಯಪ್ರದೇಶದಲ್ಲಿ ಒಡೆದರೆ ಮಾತ್ರ ತಾನಾಗಿ ಮುಚ್ಚುತ್ತದೆಯೇ ಎಂದು ಮೊದಲು ಕಾದು ನೋಡಬೇಕು.

2012ರ ಅಕ್ಟೋಬರ್ 29ರಂದು ಸ್ಯಾಂಡಿ ಎಂಬ ಬಿರುಗಾಳಿ ಬಂತು. ಫೈರ್ ಐಲೆಂಡಿನ ಕಡಲತಡಿ ಮತ್ತು ದಿಬ್ಬಗಳ ಮರಳಿನಲ್ಲಿ ಅರ್ಧಕ್ಕೂ ಹೆಚ್ಚು ಆ ಬಿರುಗಾಳಿಯಲ್ಲಿ ಕೊಚ್ಚಿಹೋಯಿತೆಂದು ಅಮೆರಿಕದ ಭೂಸರ್ವೇಕ್ಷಣೆಯವರು ಅಳೆದು ಹೇಳಿದರು. ಆ ಸಾಲು ಮೂರು ಕಡೆ ಒಡೆಯಿತು. ಕಪ್ಸೋಗ್ ಮತ್ತು ಸ್ಮಿತ್ ಪಾಯಿಂಟ್ ಎಂಬ ಎರಡು ಕಡೆಯ ಒಡಕುಗಳನ್ನು, ಮುಂಗಡ ಯೋಜನೆಯಂತೆ, ಕೆಲವೇ ವಾರಗಳಲ್ಲಿ ಮುಚ್ಚಿದರು. ಮೂರನೆಯದು ಓಲ್ಡ್ ಇನ್ಲೆಟ್ ಎಂಬಲ್ಲಿ, ವನ್ಯಪ್ರದೇಶದ ಒಳಗೇ ತೆರೆಯಿತು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದವರೆಗೂ ಅಲ್ಲೊಂದು ಅಳಿವೆಯಿತ್ತು, ಅದೇ ಜಾಗವನ್ನು ಕಡಲು ಮತ್ತೆ ಹುಡುಕಿಕೊಂಡಿತು.

ಆಗ ಎದ್ದ ವಿವಾದವನ್ನು ನಾನು ಗೌರವದಿಂದ ನೋಡುತ್ತೇನೆ, ಎರಡೂ ಪಕ್ಷಗಳನ್ನೂ. ಹಿನ್ನೀರಿನಾಚೆಯ ಮಾಸ್ಟಿಕ್ ಬೀಚ್, ಲಿಂಡನ್‌ಹರ್ಸ್ಟ್‌ನಂಥ ತಗ್ಗು ಊರುಗಳಲ್ಲಿ ಸ್ಯಾಂಡಿಯ ನೀರು ಮನೆಗಳನ್ನು ಹಾಳುಗೆಡವಿತ್ತು. ಮರುವರ್ಷದ ಚಳಿಗಾಲದಲ್ಲಿ ಬೀದಿಗೆ ಪದೇಪದೇ ನೀರು ಬಂದಾಗ, ತೆರೆದ ಬಾಯಿಯೇ ಇದಕ್ಕೆ ಕಾರಣ, ಮುಚ್ಚಿ ಎಂದು ಅಲ್ಲಿನ ಜನ ಒತ್ತಾಯಿಸಿದರು. ಅವರ ಭಯಕ್ಕೆ ಆಧಾರವಿತ್ತು. ಆ ಹಿನ್ನೀರಿನಲ್ಲಿ ಉಬ್ಬರ ಇಳಿತಗಳ ಅಂತರ ಹೊರಗಿನ ಸಾಗರಕ್ಕಿಂತ ಬಹಳ ಕಡಿಮೆ, ಏಕೆಂದರೆ ಕಿರಿದಾದ ಅಳಿವೆಗಳು ನೀರನ್ನು ತಡೆದು ತಡೆದು ಬಿಡುತ್ತವೆ. ಹೊಸ ಬಾಯಿ ತೆರೆದರೆ ಆ ತಡೆ ಸಡಿಲವಾಗಬಹುದು ಎಂಬುದು ತರ್ಕಕ್ಕೆ ಕೂಡುವ ಮಾತೇ. ಇನ್ನೊಂದು ಕಡೆ ಹಿನ್ನೀರಿನ ಮೀನು, ಚಿಪ್ಪುಗಳನ್ನು ನಂಬಿದವರಿದ್ದರು. ಒಂದು ಕಾಲದಲ್ಲಿ ಆ ನೀರು ಚಿಪ್ಪುಗಳಿಗೆ, ನಾವು ಮರುವಾಯಿ ಎನ್ನುವ ಜಾತಿಯ ಚಿಪ್ಪುಗಳಿಗೆ, ಅಮೆರಿಕದಲ್ಲೇ ಹೆಸರಾಗಿತ್ತು. 1985ರಿಂದ ಕಂದು ಪಾಚಿಯ ಪಿಡುಗು ಅದನ್ನು ಕೆಡಿಸಿತ್ತು. ಮನೆಗಳ ಕೊಳಚೆ ಗುಂಡಿಗಳಿಂದ ಇಳಿಯುವ ಸಾರಜನಕ ನಿಂತ ನೀರಿನಲ್ಲಿ ಉಳಿಯುತ್ತಿತ್ತು.

ಇಂಥ ಹೊತ್ತಿನಲ್ಲಿ ಆಗಬೇಕಾದದ್ದು ಅಳತೆ, ಅಲ್ಲಿ ಅದು ಆಯಿತು. ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಸಾಗರವಿಜ್ಞಾನಿಗಳು ಮೇಲಿನಿಂದ ಚಿತ್ರ ತೆಗೆದು, ದೋಣಿಯಲ್ಲಿ ಹೋಗಿ ಆಳ ಅಳೆದು, ಬಾಯಿಯ ಬದಲಾವಣೆಗಳನ್ನು ಬಿಡದೆ ದಾಖಲಿಸಿದರು. ಅದು ಮೊದಲು ಅಗಲವಾಯಿತು, ಆಮೇಲೆ ಒಂದು ಮಿತಿಯಲ್ಲಿ ನಿಂತಿತು. ವರ್ಷಗಳು ಕಳೆದಂತೆ ಮರಳು ತುಂಬಿ ಕಿರಿದಾಗುತ್ತ ಬಂತು. ಉಬ್ಬರಮಾಪಕಗಳ ಅಂಕಿಗಳನ್ನು ಸ್ಯಾಂಡಿಯ ಮುಂಚಿನ ವರ್ಷಗಳೊಂದಿಗೆ ಹೋಲಿಸಿದ ಭೂಸರ್ವೇಕ್ಷಣೆಯ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಉತ್ತರ ಸ್ಪಷ್ಟವಾಗಿತ್ತು. ಆ ಚಳಿಗಾಲದಲ್ಲಿ ಹೊರಗಿನ ಸಾಗರವೇ ಎತ್ತರದಲ್ಲಿತ್ತು, ಸಾಗರಕ್ಕೆ ಹಿನ್ನೀರು ಸ್ಪಂದಿಸುವ ರೀತಿಯಲ್ಲಿ ಗುರುತಿಸುವಂಥ ಬದಲಾವಣೆ ಆಗಿರಲಿಲ್ಲ. ಇತ್ತ ಅಳಿವೆಯ ಹತ್ತಿರದ ಬೆಲ್‌ಪೋರ್ಟ್ ಭಾಗದಲ್ಲಿ ನೀರಿನ ಉಪ್ಪು ಹೆಚ್ಚಿತು, ನೀರು ತಿಳಿಯಾಯಿತು. ಕೊನೆಗೆ ರಾಷ್ಟ್ರೀಯ ಉದ್ಯಾನ ಇಲಾಖೆ, ಸಾರ್ವಜನಿಕ ಅಹವಾಲುಗಳನ್ನೆಲ್ಲ ಕೇಳಿ, ಆ ಬಾಯಿಯನ್ನು ಪ್ರಕೃತಿಗೇ ಬಿಡುವುದೆಂದು ತೀರ್ಮಾನಿಸಿತು. ಆದರೆ ಇಂತಿಂಥ ಮಿತಿ ದಾಟಿದರೆ ಮುಚ್ಚುತ್ತೇವೆ ಎಂಬ ಷರತ್ತನ್ನೂ ಬರೆದಿಟ್ಟಿತು. ಭಯಪಡುವ ಜನಕ್ಕೆ ಕೊಡಬೇಕಾದ ಗೌರವ ಹಾಗಿರಬೇಕು ಎಂದು ನಾನು ನಂಬಿದ್ದೇನೆ: ಅಳೆದ ಅಂಕಿ, ಅಂಕಿಗೆ ಒಂದು ಮಿತಿ, ಮಿತಿ ದಾಟಿದರೆ ಏನೆಂಬ ಲಿಖಿತ ಭಾಷೆ.

ಒಡಿಶಾದ ಚಿಲಿಕಾ ಸರೋವರದಲ್ಲಿ ಇದೇ ಪಾಠ ಬೇರೆ ದಾರಿಯಲ್ಲಿ ಸಿಕ್ಕಿತು. ಹಳೆಯ ಅಳಿವೆಯ ಕಾಲುವೆ ಹೂಳು ತುಂಬಿ, ಸರೋವರ ಸಿಹಿಯಾಗುತ್ತ, ಕಳೆ ಹಬ್ಬುತ್ತ, ಮೀನು ಕುಸಿದಿತ್ತು. 1993ರಲ್ಲಿ ಅದು ಅಪಾಯದಲ್ಲಿರುವ ರಾಮ್ಸರ್ ತಾಣಗಳ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ನೆಲಗಳ, ಪಟ್ಟಿ ಸೇರಿತು. ಲೆಕ್ಕ ಹಾಕಿ ಜಾಗ ಆರಿಸಿ, 2000ದ ಸೆಪ್ಟೆಂಬರಿನಲ್ಲಿ ಮರಳು ದಂಡೆಯನ್ನು ಕಡಿದು ಹೊಸ ಅಳಿವೆ ತೆರೆದರು. ಮೀನಿನ ಇಳುವರಿ ಹಲವು ಪಟ್ಟು ಏರಿತು, 2002ರಲ್ಲಿ ಚಿಲಿಕಾ ಆ ಪಟ್ಟಿಯಿಂದ ಹೊರಬಂತು.

ಲಾಂಗ್ ಐಲೆಂಡಿನ ದಕ್ಷಿಣ ದಂಡೆಯಲ್ಲಿ ಫೈರ್ ಐಲೆಂಡ್ ಅಳಿವೆಯಿಂದ ಪೂರ್ವದ ತುದಿಯವರೆಗೆ ಒಂದೇ ಯೋಜನೆ ಬೇಕೆಂದು ಅಮೆರಿಕದ ಸಂಸತ್ತು 1960ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಅಂತಿಮ ರೂಪಕ್ಕೆ ಅನುಮೋದನೆ ಸಿಕ್ಕಿದ್ದು 2020ರಲ್ಲಿ. ಅರವತ್ತು ವರ್ಷ! ಆ ವಿಳಂಬವನ್ನು ಯಾರೂ ಮಾದರಿಯಾಗಿ ತೆಗೆದುಕೊಳ್ಳಬಾರದು. ಆದರೆ ಕೊನೆಗೆ ಬಂದ ಯೋಜನೆಯ ಒಳಗಿರುವುದನ್ನು ನೋಡಿ. ಅದರ ದೊಡ್ಡ ಪಾಲು ಕಡಲ ಕಡೆಗಿಲ್ಲ, ಹಿನ್ನೀರಿನಾಚೆಯ ತಗ್ಗು ಊರುಗಳಲ್ಲಿದೆ. ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮನೆಗಳನ್ನು ಎತ್ತರಿಸುವ ಪ್ರಸ್ತಾವವಿದೆ. ದ್ವೀಪ ಒಡೆಯದೇ ಇದ್ದರೂ ಬಿರುಗಾಳಿಯ ನೀರು ಅಳಿವೆಗಳ ಮೂಲಕ ಒಳಬಂದು ಹಿಂದಿನಿಂದ ಏರುತ್ತದೆಂದು ಲೆಕ್ಕಗಳು ತೋರಿಸಿದ್ದವು. ಶಿನ್ನೆಕಾಕ್, ಮೊರಿಚಸ್, ಫೈರ್ ಐಲೆಂಡ್ ಈ ಮೂರೂ ಅಳಿವೆಗಳಲ್ಲಿ ಎತ್ತಿದ ಮರಳನ್ನು ಪಶ್ಚಿಮದ ದಂಡೆಗೆ ದಾಟಿಸಿ ಹಾಕಬೇಕೆಂದು ಯೋಜನೆ ಹೇಳುತ್ತದೆ. 1941ರಲ್ಲಿ ತಡೆದದ್ದನ್ನು ಈಗ ಪಂಪಿನಿಂದ ದಾಟಿಸುವ ಕೆಲಸ.

ಇನ್ನು ನಮ್ಮ ತಡಿ. ನೇತ್ರಾವತಿ, ಗುರುಪುರ ನದಿಗಳು ಉಳ್ಳಾಲ ಮತ್ತು ಬೆಂಗ್ರೆಗಳ ನಡುವೆ ಒಂದೇ ಅಳಿವೆ ಬಾಗಿಲಿನಿಂದ ಕಡಲು ಸೇರುತ್ತವೆ. ಕಳೆದ ಶತಮಾನದ ಕೊನೆಯ ದಶಕದಲ್ಲಿ ಅಲ್ಲಿ ಬ್ರೇಕ್‌ವಾಟರ್‌ಗಳು ಬಂದವು. ಮೀನುಗಾರರಿಗೆ ಅವು ಬೇಕಾಗಿದ್ದವು. ಅಳಿವೆ ಬಾಗಿಲಲ್ಲಿ ದೋಣಿ ಮಗುಚಿ ಜೀವ ಕಳೆದುಕೊಂಡ ಮನೆಗಳು ಈ ಕರಾವಳಿಯಲ್ಲಿ ಎಷ್ಟೋ ಇವೆ. ಆದರೆ ಉಳ್ಳಾಲದ ಕೊರೆತದ ಗೋಳನ್ನು ಆಮೇಲಿನ ವರ್ಷಗಳಲ್ಲಿ ನೀವೆಲ್ಲ ಕಂಡಿರಿ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಅಲ್ಲಿ ಕಡಲೊಳಗೆ ದಿನ್ನೆಗಳನ್ನು ಕಟ್ಟಿ ಅಲೆಯ ರಭಸ ತಗ್ಗಿಸುವ ದೊಡ್ಡ ಕಾಮಗಾರಿ ನಡೆಯಿತು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಕರಾವಳಿಯ ಎಷ್ಟೋ ಊರುಗಳು ಮತ್ತೆ ಪೆಟ್ಟು ತಿಂದವು.

ನಮ್ಮಲ್ಲಿ ಮರಳಿನ ಲೆಕ್ಕ ಇನ್ನಷ್ಟು ತೊಡಕಿನದು. ಮಳೆಗಾಲದ ಅಲೆ ಒಂದು ದಿಕ್ಕಿಗೆ ತಳ್ಳಿದರೆ ಉಳಿದ ಕಾಲದ ಅಲೆ ಇನ್ನೊಂದು ದಿಕ್ಕಿಗೆ ತರಬಹುದು. ನಮ್ಮ ದಂಡೆಗೆ ನದಿಗಳೂ ಮರಳು ತರುತ್ತವೆ. ಅಥವಾ ತರುತ್ತಿದ್ದವು. ಅಣೆಕಟ್ಟುಗಳ ಹಿಂದೆ ನಿಲ್ಲುವ ಹೂಳು, ಹೊಳೆಗಳಿಂದ ಲಾರಿ ಹತ್ತುವ ಮರಳು, ಎರಡೂ ಕಡಲತಡಿಯ ಪಾಲಿನಿಂದ ಕಳೆಯಬೇಕಾದ ಲೆಕ್ಕ. ಹೊಳೆಯ ಮರಳಿಗೆ ಒಂದು ಇಲಾಖೆ, ಬಂದರಿನ ಹೂಳಿಗೆ ಒಂದು, ತಡೆಗೋಡೆಗೆ ಇನ್ನೊಂದು ಎಂದು ಕಡತಗಳು ಬೇರೆಬೇರೆ ಮೇಜುಗಳ ಮೇಲೆ ಇರುವವರೆಗೆ ಈ ಕೂಡುವ ಕಳೆಯುವ ಲೆಕ್ಕವನ್ನು ಯಾರೂ ಮಾಡುವುದಿಲ್ಲ.

ಇನ್ನೊಂದು ವ್ಯತ್ಯಾಸವನ್ನು ಒತ್ತಿ ಹೇಳಬೇಕು. ಫೈರ್ ಐಲೆಂಡಿನ ಮನೆಗಳಲ್ಲಿ ಬಹುಪಾಲು ಬೇಸಿಗೆಯ ಬಿಡಾರಗಳು. ಬೆಂಗ್ರೆಯವರು ಅಲ್ಲಿರುವುದು ದೋಣಿ ಅಲ್ಲಿರುವುದರಿಂದ, ಬಲೆ ಅಲ್ಲಿ ಒಣಗುವುದರಿಂದ, ದೈವಸ್ಥಾನವೂ ಮಸೀದಿಯೂ ಶಾಲೆಯೂ ಅಲ್ಲಿರುವುದರಿಂದ. ಹಿಂದೆ ಸರಿಯಿರಿ ಎಂದು ಅವರಿಗೆ ಹೇಳುವ ಹಕ್ಕು, ಕಡಲಿಗೆ ನಡೆದುಹೋಗುವಷ್ಟು ಹತ್ತಿರದಲ್ಲಿ ಜಾಗ ತೋರಿಸದ ಯಾರಿಗೂ ಇಲ್ಲ. ಸ್ಥಳಾಂತರವೆಂದರೆ ಹತ್ತು ಕಿಲೋಮೀಟರ್ ಒಳಗಿನ ಕಾಲೊನಿ ಎಂದಾದರೆ ಅದು ಮೀನುಗಾರನನ್ನು ಮೀನುಗಾರಿಕೆಯಿಂದ ಬಿಡಿಸುವ ಕ್ರಮವಾದೀತು. ಎತ್ತರದ ಪಂಚಾಂಗದ ಮೇಲೆ ಮನೆ ಕಟ್ಟಿಕೊಳ್ಳಲು ನೆರವು ಕೊಡುವುದು ಇದಕ್ಕಿಂತ ಅಗ್ಗ, ಇದಕ್ಕಿಂತ ನ್ಯಾಯ. ನದಿಯ ಕಡೆಯಿಂದ ಏರುವ ನೀರಿಗೆ ಕಡಲ ಕಡೆಯ ಕಲ್ಲುಗೋಡೆ ಉತ್ತರವಾಗುವುದೂ ಇಲ್ಲ.

ಹಾಗಾಗಿ ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಕಾರವಾರದಿಂದ ಉಳ್ಳಾಲದವರೆಗಿನ ಪ್ರತಿ ಅಳಿವೆಯನ್ನೂ ಮಳೆಗಾಲದ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಅಳೆಯಲಿ, ಅಗಲ, ಆಳ, ಎರಡೂ ಬದಿಯ ದಡದ ಗೆರೆ. ಸುರತ್ಕಲ್‌ನ ತಾಂತ್ರಿಕ ವಿದ್ಯಾಲಯ, ಮಂಗಳೂರಿನ ಮೀನುಗಾರಿಕಾ ಕಾಲೇಜು ಎರಡೂ ನಮ್ಮ ನಡುವೆಯೇ ಇವೆ. ಅಳತೆಯ ನಕ್ಷೆಯನ್ನು ಕಚೇರಿಯ ಕಪಾಟಿನಲ್ಲಿ ಇಡದೆ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಮರಳ ನಾಲಿಗೆ ಎಲ್ಲಿ ಬಡಕಲಾಗಿದೆಯೆಂದು ಆಗ ಎಲ್ಲರಿಗೂ ಮೊದಲೇ ಕಾಣುತ್ತದೆ. ಅಲ್ಲಿ ಒಡೆದರೆ ಮುಚ್ಚುವುದೋ ಬಿಡುವುದೋ, ಮುಚ್ಚುವುದಾದರೆ ಮರಳು ಎಲ್ಲಿಯದು, ಬಿಡುವುದಾದರೆ ಯಾವ ಮಿತಿಯವರೆಗೆ, ಆ ದಿನಗಳಲ್ಲಿ ಜನ ಎಲ್ಲಿರಬೇಕು, ದೋಣಿಗಳನ್ನು ಎಲ್ಲಿ ಕಟ್ಟಬೇಕು, ಇಷ್ಟನ್ನು ಊರಿನವರೂ ಎಂಜಿನಿಯರುಗಳೂ ಕೂತು ಬರೆದಿಡಲಿ. ಹೊಸ ಕಲ್ಲು ಹಾಕುವ ಪ್ರತಿ ಪ್ರಸ್ತಾವದಲ್ಲಿ, ಕಲ್ಲು ಮುಗಿಯುವ ಜಾಗದಿಂದ ಆಚೆಗಿರುವ ಊರಿನ ಹೆಸರೂ, ಆ ಊರಿನವರ ಒಪ್ಪಿಗೆಯೂ ಇರಲಿ.

ಮತ್ತು ಹೂಳು. ಅಳಿವೆ ಬಾಗಿಲಿನ ಹೂಳೆತ್ತಲು ಟೆಂಡರ್ ಕರೆಯುತ್ತಾರೆ, ಎಷ್ಟು ಎತ್ತಬೇಕು, ಎಷ್ಟು ಆಳಕ್ಕೆ ಎಂದು ಅದರಲ್ಲಿ ಬರೆಯುತ್ತಾರೆ. ಎತ್ತಿದ ಒಳ್ಳೆಯ ಮರಳು ಕೊರೆತಕ್ಕೆ ಒಳಗಾದ ಪಕ್ಕದ ದಂಡೆಗೇ ಹೋಗಬೇಕು, ಆಳ ಕಡಲಿಗೂ ಅಲ್ಲ, ಮಾರಾಟಕ್ಕೂ ಅಲ್ಲ ಎಂಬ ಒಂದು ಸಾಲು ಆ ಟೆಂಡರಿನಲ್ಲಿ ಇರಬೇಕು. ಮುಂದಿನ ಬಾರಿ ನಿಮ್ಮ ಅಳಿವೆಯ ಹೂಳೆತ್ತುವ ಕೆಲಸ ಬಂದಾಗ ಗ್ರಾಮಸಭೆಯಲ್ಲೋ ವಾರ್ಡ್ ಸಭೆಯಲ್ಲೋ ಆ ಕಾಗದವನ್ನು ಕೇಳಿ ಪಡೆಯಿರಿ, ಗಟ್ಟಿಯಾಗಿ ಓದಿಸಿ. ಆ ಸಾಲು ಇಲ್ಲದಿದ್ದರೆ ಕೆಲಸ ಆರಂಭವಾಗುವ ಮೊದಲೇ ಸೇರಿಸುವಂತೆ ಲಿಖಿತವಾಗಿ ಒತ್ತಾಯಿಸಿ.